ಒಕ್ಕದ ಗದ್ದೆಯಿಂದ ದಂಡಿಗೆ

ಚೆನ್ನೈನ ಉತ್ತರದಂಚಿನ ಮಣಲಿಯಲ್ಲಿ ಬೆಳಗಾಗುವುದೇ ಲಾರಿಗಳ ಸದ್ದಿಗೆ. 1969ರಿಂದ ಇಲ್ಲಿ ಕಚ್ಚಾ ತೈಲ ಶುದ್ಧೀಕರಿಸುತ್ತಾರೆ. ಕಾರ್ಖಾನೆ ಗೇಟಿನಲ್ಲಿ ಸಮವಸ್ತ್ರ ತೊಟ್ಟು ನಿಂತವರನ್ನು ಮಾತಾಡಿಸಿದರೆ, ‘ಊರಲ್ಲಿ ಗದ್ದೆಯಿದೆ, ಅಣ್ಣ ನೋಡಿಕೊಳ್ಳುತ್ತಾನೆ’ ಎನ್ನುವವನೊಬ್ಬ ಸಿಕ್ಕಾನು.

ಅಂಥದೇ ಮನೆಯ ಹುಡುಗನೊಬ್ಬ ಇದೇ ನಗರದಲ್ಲಿ, ಮರೀನಾ ಕಡಲಿನೆದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ. 1899ರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಕಾರ್ಯಪ್ಪ, ಮನೆಯವರಿಗೆ ಚಿಮ್ಮ. ಕೃಷಿಕ ಮನೆತನ, ತಂದೆ ಕಂದಾಯ ಇಲಾಖೆಯಲ್ಲಿ. ಭಾರತೀಯರನ್ನೂ ಸೇನಾಧಿಕಾರಿಗಳಾಗಿ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹುಡುಗ ಇಂದೋರಿನ ತರಬೇತಿ ಶಾಲೆಗೆ ಹೊರಟ.

ಗದ್ದೆಗೆ ಬೆನ್ನು ಹಾಕಿ ಹೋದನೆನ್ನೋಣವೇ? ಕೊಡಗಿನಲ್ಲಿ ಆ ಮಾತು ನಿಲ್ಲುವುದಿಲ್ಲ. ಅಲ್ಲಿನ ಜಮ್ಮಾ ಭೂಮಿ ಬಂದದ್ದೇ ರಾಜನಿಗೆ ದಂಡಿನ ಸೇವೆ ಸಲ್ಲಿಸುವ ಕರಾರಿನ ಮೇಲೆ. ನಾಟಿ ಮುಗಿದು ನೇಗಿಲಿಗೆ ಬಿಡುವಾದಾಗ ಆಯುಧಗಳ ಹಬ್ಬ ಕೈಲ್‌ಪೊಳ್ದ್. ಕೋವಿ, ಒಡಿಕತ್ತಿಗಳಿಗೆ ತೋಕ್‌ ಹೂ ಮುಡಿಸಿ ಪೂಜೆ. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ಕೊಯ್ಯುವುದೂ ಗುಂಡು ಹಾರಿಸಿಯೇ. ಇನ್ನೊಂದು ಮಾತು: ಆ ಭೂಮಿ ಒಬ್ಬನದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ ಕೂಡುಕುಟುಂಬದ್ದು. ‘ನನ್ನ ಪಾಲು’ ಎಂದು ಕತ್ತರಿಸಿ ಮಾರುವಂತಿರಲಿಲ್ಲ.

ಹೀಗೇ ಹೊಲದಿಂದ ದಂಡಿಗೆ ಹೋದ ಸ್ವೀಡನ್ನಿನ ರೈತನ ಮಗ ಹಾನ್ಸ್ ಮ್ಯಾಟ್ಸನ್‌ನ ದಾರಿ ಬೇರೆ. 1851ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಮಿನ್ನೆಸೋಟದ ಹೊಸ ನೆಲದಲ್ಲಿ ನೆಲೆಸಿ, ಅಂತರ್ಯುದ್ಧದಲ್ಲಿ ಕರ್ನಲ್ ಆದ. ಮುಂದೆ ಅಮೆರಿಕದ ಕಾನ್ಸುಲ್ ಜನರಲ್ ಆಗಿ ನಮ್ಮ ಕಲ್ಕತ್ತೆಗೂ ಬಂದ! ಅವನು ತವರಿನ ಹೊಲವನ್ನು ಕಡಲಾಚೆ ಬಿಟ್ಟ. ಕಾರ್ಯಪ್ಪನವರು ಒಕ್ಕವನ್ನು ಜೊತೆಗೇ ಒಯ್ದರೇನೋ ಅನ್ನಿಸುತ್ತದೆ.

1949ರ ಜನವರಿ 15ರಂದು ಅವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಕೈಯಿಂದ ಭಾರತದ ಸೇನೆಯ ಚುಕ್ಕಾಣಿ ಪಡೆದರು. ನಿವೃತ್ತರಾದ ಮೇಲೆ ಮಡಿಕೇರಿಯ ಮನೆ ಸೇರಿದರು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹುಡುಗನನ್ನು ವಿಶೇಷವಾಗಿ ನೋಡಿಕೊಳ್ಳುವ ಮಾತು ಅತ್ತಲಿಂದ ಬಂತು. ಮುದುಕರು ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ, ಅವರಿಗಿಲ್ಲದ್ದು ಇವನಿಗೂ ಬೇಡವೆಂದರು.

ಮಗ ಮರಳಿದ್ದು ನಾಲ್ಕು ತಿಂಗಳ ಬಳಿಕ.