ಯೋಧರ ಗೃಹಿಣಿಯರ ವಿದ್ಯೆ

(ಬೆಂಗಳೂರು ದಂಡುಪ್ರದೇಶದ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಲಸೂರು ಕೆರೆಯ ಸುತ್ತಮುತ್ತ ವಾಸಿಸುವ ನಮಗೆ ಸೈನ್ಯವೆಂಬುದು ದೂರದ ಮಾತಲ್ಲ. ಮದರಾಸು ಸ್ಯಾಪರುಗಳ ಪಡೆಯು 1834ರಿಂದಲೂ ಈ ದಂಡಿನ ನಿವಾಸಿಯಾಗಿದೆ. ಸೇನಾ ದಿನದ ಕವಾಯತು 2023ರ ಜನವರಿ 15ರಂದು ಮೊದಲ ಬಾರಿಗೆ ದೆಹಲಿಯ ಹೊರಗೆ ನಡೆದಾಗ, ಅದಕ್ಕೆ ಅಂಗಳವಾದುದು ಇದೇ ಪಡೆಯ ಗೋವಿಂದಸ್ವಾಮಿ ಮೈದಾನ. ಕೊಡಗಿನ ಕಾರಿಯಪ್ಪನವರು 1949ರಲ್ಲಿ ಭಾರತೀಯ ಸೇನೆಯ ನಾಯಕತ್ವವನ್ನು ವಹಿಸಿಕೊಂಡುದು ಆ ತಾರೀಖಿನಂದೇ ಎಂಬುದನ್ನು ತಾವೆಲ್ಲರೂ ಬಲ್ಲಿರಿ. ಅಂದು ಹೆಜ್ಜೆಹಾಕಿದವರನ್ನು ಊರು ಕಣ್ತುಂಬ ನೋಡಿತು. ಆದರೆ ಅವರ ಮನೆಗಳನ್ನು ನಡೆಸುತ್ತಿರುವ ಹೆಣ್ಣುಮಕ್ಕಳ ಕಡೆಗೆ ನಮ್ಮ ದೃಷ್ಟಿ ಎಷ್ಟು ಹರಿದಿದೆ? ಅವರ ವಿದ್ಯೆಯ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು.

ಸೈನಿಕನಿಗೆ ವರ್ಗವು ತಪ್ಪಿದ್ದಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಲೇಬೇಕು. ಈ ಅಲೆದಾಟದಲ್ಲಿ ಮಕ್ಕಳ ಓದು ಕೆಡಬಾರದೆಂದು ಸರ್ಕಾರವು 1963ರಲ್ಲಿ ಇಪ್ಪತ್ತು ರೆಜಿಮೆಂಟು ಶಾಲೆಗಳನ್ನು ಕೈಗೆ ತೆಗೆದುಕೊಂಡು ಕೇಂದ್ರೀಯ ವಿದ್ಯಾಲಯಗಳಿಗೆ ಅಡಿಗಲ್ಲಿಟ್ಟಿತು. 1983ರಲ್ಲಿ ಸೇನೆಯೇ ತನ್ನದೊಂದು ಶಿಕ್ಷಣ ಸಂಘವನ್ನು ಕಟ್ಟಿಕೊಂಡಿತು. ಹಲಸೂರಿನಲ್ಲಿ ಐದನೆಯ ತರಗತಿಯನ್ನು ನಡುವೆ ಬಿಟ್ಟುಹೋದ ಹುಡುಗನು ಜಮ್ಮುವಿನಲ್ಲಿ ಅದೇ ಪುಸ್ತಕದ ಮುಂದಿನ ಪುಟವನ್ನು ತೆರೆಯಬಲ್ಲನು. ಅವನ ತಾಯಿಯ ಗತಿಯೇನು? ಆಕೆ ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ವರ್ಗದ ಆಜ್ಞೆ ಬಂದರೆ, ಒಂದು ವಿಶ್ವವಿದ್ಯಾನಿಲಯದ ಪಠ್ಯಕ್ರಮ ಮತ್ತೊಂದಕ್ಕೆ ಹೊಂದದು, ಹಾಜರಿ ಸಾಲದು, ವರ್ಷದ ನಡುವೆ ಸೇರಿಸಿಕೊಳ್ಳುವವರಿಲ್ಲ. ಮಗನ ಪಾಠ ಅವನೊಡನೆ ರೈಲು ಹತ್ತುತ್ತದೆ. ತಾಯಿಯ ಪಾಠ ನಿಲ್ದಾಣದಲ್ಲಿಯೇ ಉಳಿಯುತ್ತದೆ.

ನೆರವು ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸೇನಾಪತ್ನಿಯರ ಕ್ಷೇಮಾಭಿವೃದ್ಧಿ ಸಂಘವು 1966ರಿಂದ ಕಸುಬಿನ ಶಿಕ್ಷಣವನ್ನೂ ಇತರ ಸಹಾಯವನ್ನೂ ನೀಡುತ್ತ ಬಂದಿದೆ. ಕೇಂದ್ರೀಯ ಸೈನಿಕ ಮಂಡಲಿಯ ಮೂಲಕ ದೊರೆಯುವ ವಿದ್ಯಾಸಹಾಯ ಧನವನ್ನು 2025ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿನಿಂದ 2000ಕ್ಕೆ ಏರಿಸಲಾಯಿತು. ಆದರೆ ಅದರ ನಿಯಮವನ್ನು ಗಮನಿಸಿರಿ. ಮಾಜಿ ಸೈನಿಕನ ಇಬ್ಬರು ಮಕ್ಕಳಿಗೆ ಒಂದನೆಯ ತರಗತಿಯಿಂದ ಪದವಿಯವರೆಗೆ ಅದು ಸಲ್ಲುತ್ತದೆ. ಅವನ ವಿಧವೆಗಾದರೋ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಮಾತ್ರ. ಪ್ರಧಾನಮಂತ್ರಿಗಳ ವಿದ್ಯಾರ್ಥಿವೇತನಕ್ಕೆ ವಿಧವೆಯರೂ ಅರ್ಹರೇ. ಆದರೆ ಅದು ವೃತ್ತಿಪದವಿಗಳಿಗೆ ಮೀಸಲು, ಅದಕ್ಕೆ ನೂರಕ್ಕೆ 60 ಅಂಕಗಳು ಬೇಕು. ಹಳ್ಳಿಯಲ್ಲಿ ಪಿ.ಯು.ಸಿ. ಮುಗಿಸಿ ಮದುವೆಯಾದ ಜವಾನನ ಹೆಂಡತಿ ಬಿ.ಎ. ಓದಬೇಕೆಂದರೆ ಈ ಎರಡು ಯೋಜನೆಗಳ ಸಂದಿನಲ್ಲಿ ಸಿಕ್ಕಿಬೀಳುತ್ತಾಳೆ. ಮೆಟ್ಟಿಲನ್ನು ಕಟ್ಟದೆ ಮಹಡಿಯನ್ನು ತೋರಿಸಿದಂತಾಯಿತಲ್ಲವೆ?

ಈ ಪದವಿಯು ಅಲಂಕಾರದ ವಸ್ತುವೆಂದು ಯಾರೂ ತಿಳಿಯಬಾರದು. ಸೇವೆಯಲ್ಲಿದ್ದಾಗ ಅಳಿದ ಯೋಧರ ಪತ್ನಿಯರಿಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಕೆಲವು ಸ್ಥಾನಗಳು ಮೀಸಲಾಗಿವೆ. 2012ರಲ್ಲಿ ಪತಿಯನ್ನು ಕಳೆದುಕೊಂಡ ನಾಯಕ್ ಅಮಿತ್ ಶರ್ಮರ ಪತ್ನಿ ಪ್ರಿಯಾ ಸೆಮ್ವಾಲರು 2014ರಲ್ಲಿ ಅಲ್ಲಿಂದಲೇ ಅಧಿಕಾರಿಯಾಗಿ ಹೊರಬಂದರು. ಕರ್ನಲ್ ಸಂತೋಷ್ ಮಹಾಡಿಕರ ಪತ್ನಿ ಸ್ವಾತಿಯವರು 2017ರಲ್ಲಿ ಹಾಗೆಯೇ ಬಂದರು. ಅವರ ಧೈರ್ಯವನ್ನು ನಾವು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ. ಆದರೆ ಆ ಬಾಗಿಲನ್ನು ತಟ್ಟಲು ಪದವಿ ಬೇಕೆಂಬುದನ್ನು ಮರೆಯುತ್ತೇವೆ. ಧೈರ್ಯವಿದ್ದೂ ಪದವಿಯಿಲ್ಲದವಳು ಹೊರಗೇ ನಿಲ್ಲಬೇಕಾಗುತ್ತದೆ.

ನಮ್ಮ ಊರಿನಲ್ಲಿಯೇ ಒಂದು ನಿದರ್ಶನವುಂಟು. 2007ರ ಜುಲೈ 31ರಂದು ಉರಿಯ ಕಾಳಗದಲ್ಲಿ ಮಡಿದ ಬೆಂಗಳೂರಿನ ಕರ್ನಲ್ ವಸಂತ ವೇಣುಗೋಪಾಲರಿಗೆ ಮರಣಾನಂತರ ಅಶೋಕ ಚಕ್ರ ಸಂದಿತು. ಅವರ ಪತ್ನಿ ಸುಭಾಷಿಣಿಯವರು ಭರತನಾಟ್ಯ ಕಲಾವಿದೆ. ಅವರು ಶೋಕದಲ್ಲಿಯೇ ಕುಳಿತುಬಿಡದೆ, ವಸಂತರತ್ನ ಪ್ರತಿಷ್ಠಾನವನ್ನು ಕಟ್ಟಿ, ತಮ್ಮಂತೆಯೇ ನೊಂದ ಜವಾನರ ಕುಟುಂಬಗಳಿಗೂ ಅವರ ಮಕ್ಕಳ ವಿದ್ಯೆಗೂ ಆಸರೆಯಾದರು. ವಿದ್ಯೆಯೂ ಕಲೆಯೂ ಕೈಯಲ್ಲಿದ್ದ ಒಬ್ಬಳು ಹೆಣ್ಣುಮಗಳು ಎಷ್ಟು ಮನೆಗಳಿಗೆ ದೀಪವಾಗಬಲ್ಲಳೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಮಹಾಶಯರೇ, ದುಃಖ ಬಂದೊದಗುವವರೆಗೆ ನಾವು ಏಕೆ ಕಾಯಬೇಕು? ಅಮೆರಿಕದಲ್ಲಿ 2008ರ ಶಾಸನದಂತೆ, ಆರು ವರ್ಷ ಸೇವೆಮಾಡಿ ಮುಂದೆಯೂ ಸೇವೆಸಲ್ಲಿಸಲು ಒಪ್ಪಿದ ಯೋಧನು ತನಗೆ ಸಲ್ಲುವ ವಿದ್ಯಾಸೌಲಭ್ಯವನ್ನು ತನ್ನ ಪತ್ನಿಗೆ ವರ್ಗಾಯಿಸಬಹುದು. ಅಲ್ಲಿ ಗಂಡನು ಬದುಕಿರುವಾಗಲೇ ಹೆಂಡತಿಯ ಓದಿಗೆ ಬೆಲೆಯುಂಟು. ನಮ್ಮಲ್ಲಿಯೂ ಸಾಧನಗಳಿಗೆ ಕೊರತೆಯಿಲ್ಲ. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು 1985ರಿಂದಲೂ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವು 1996ರಿಂದಲೂ ನಡೆಯುತ್ತಿವೆ. ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಟ್ಟು ಬೇರೆ ವಿದ್ಯಾಸಂಸ್ಥೆಗೆ ಒಯ್ಯುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯು 2021ರಲ್ಲಿ ಆರಂಭವಾಯಿತು. ಇವುಗಳನ್ನು ಆ ಹೆಣ್ಣುಮಕ್ಕಳ ಮನೆಬಾಗಿಲಿಗೆ ಮುಟ್ಟಿಸುವ ಕೈಗಳು ಬೇಕು.

ಆದುದರಿಂದ ನನ್ನ ಬಿನ್ನಹ ಮೂರು. ಮೊದಲನೆಯದು, ವಿಧವೆಯರ ವಿದ್ಯಾಸಹಾಯವು ಮಕ್ಕಳದರಂತೆ ಪದವಿಗೂ ಸಲ್ಲಬೇಕು. ಇದಕ್ಕಾಗಿ ಈ ಸಭೆಯು ಸರ್ಕಾರಕ್ಕೆ ಮನವಿ ಮಾಡಲಿ. ಎರಡನೆಯದು, ವರ್ಗದ ಕಾರಣದಿಂದ ಬರುವ ಸೈನಿಕರ ಪತ್ನಿಯರನ್ನು ನಮ್ಮ ಕಾಲೇಜುಗಳು ನಡುವರ್ಷದಲ್ಲಿಯೂ ಸೇರಿಸಿಕೊಂಡು, ಹಿಂದೆ ಓದಿದ್ದನ್ನು ಲೆಕ್ಕಕ್ಕೆ ಹಿಡಿಯಲಿ. ಮೂರನೆಯದು ನಮ್ಮ ಕೈಯಲ್ಲಿಯೇ ಇರುವಂಥದು. ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಶಾಲೆಗಳ ಕೊಠಡಿಗಳು ಸಂಜೆ ಬೀಗ ಹಾಕಿರುತ್ತವೆ. ವಾರಕ್ಕೆರಡು ಸಂಜೆ ಅವುಗಳನ್ನು ತೆರೆಯೋಣ. ಪರೀಕ್ಷೆಗೆ ಓದುವವರಿಗೆ ಪಾಠ ಹೇಳೋಣ. ಪರಪ್ರಾಂತಗಳಿಂದ ಬಂದ ಸೋದರಿಯರಿಗೆ ಕನ್ನಡವನ್ನು ಕಲಿಸೋಣ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕೆಲಸದ ಬಾಗಿಲಲ್ಲಿ ಅವರು ಮೂಕರಾಗಿ ನಿಲ್ಲುವುದು ನಮಗೆ ಗೌರವವಲ್ಲ.

ವರ್ಷಕ್ಕೊಮ್ಮೆ ಶಾಲು ಹೊದಿಸಿ ಹಾರ ಹಾಕಿದರೆ ಮನ್ನಣೆ ಮುಗಿಯುವುದಿಲ್ಲ. ಆಕೆ ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮತ್ತೆ ಅವಳ ಕೈಯಲ್ಲಿಡುವುದೇ ನಿಜವಾದ ಮನ್ನಣೆ. ಈ ಕಾರ್ಯಕ್ಕೆ ಉಪಾಧ್ಯಾಯರಿಗಿಂತ ಹೆಚ್ಚು ಅರ್ಹರು ಯಾರಿದ್ದಾರೆ?