ಕೋರ್ಟಿನ ಕಡತ ಓದೋದು ಹೆಂಗ?
(ಶಹಾಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮ ಅಜ್ಜಂದಿರಿಗೆ ಕೋರ್ಟು ಅಂದರೆ ಕೈಕಟ್ಟಿ ನಿಲ್ಲುವ ಜಾಗ. 1948ರವರೆಗೆ ಈ ಶಹಾಪುರ ನಿಜಾಮನ ರಾಜ್ಯದಲ್ಲಿತ್ತು, ಕೋರ್ಟಿನ ಬರಹ ಉರ್ದು. ತಮ್ಮ ಬಗ್ಗೆ ಏನು ಬರೆದಾರ ಅಂತ ಅವರು ಓದುವಂತಿರಲಿಲ್ಲ. ಇವತ್ತು ನಮಗೆ ಅಕ್ಷರ ಬಂದದ. ಅಷ್ಟಕ್ಕೇ ಕಡತ ಓದಲಿಕ್ಕೆ ಬಂದಂತಾಯಿತೇನು?

ಇಂಗ್ಲೆಂಡಿನ ಒಂದು ಉದಾಹರಣೆ ನೋಡೋಣ. ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ 1674ರಿಂದ 1913ರವರೆಗೆ ನಡೆದ ಸುಮಾರು 1,97,000 ವಿಚಾರಣೆಗಳ ವರದಿ ಉಳಿದದ. ಯಾವ ಕಾಲದಲ್ಲಿ ಎಂಥ ಅಪರಾಧ ಹೆಚ್ಚಿತ್ತು ಅಂತ ಇತಿಹಾಸಕಾರರು ಅದರಲ್ಲಿ ಹುಡುಕುತ್ತಾರೆ. ಬಹುಪಾಲು ಕಳವಿನ ಕೇಸುಗಳೇ. ಹದಿನೆಂಟನೇ ಶತಮಾನದಲ್ಲಿ ಮನೆಯೊಳಗಿಂದ 40 ಷಿಲಿಂಗ್ ಬೆಲೆಯ ವಸ್ತು ಕದ್ದರೆ ನೇಣು. ಆದರೆ ಕಡತದಲ್ಲಿ 39 ಷಿಲಿಂಗಿನ ಕಳವು ಮತ್ತೆ ಮತ್ತೆ ಬರ್ತದ. ಕಳ್ಳರು ಲೆಕ್ಕ ಹಾಕಿ ಕದ್ದರೇನು? ಇಲ್ಲ. ಜ್ಯೂರಿಯವರು ಜೀವ ಉಳಿಸಲಿಕ್ಕೆ ಬೆಲೆ ಇಳಿಸಿದರು. ಆ ಅಂಕಿ ಕಳ್ಳನದಲ್ಲ, ಕೋರ್ಟಿನದು.

ಈಗ ನಮ್ಮ ನಾಡಿಗೆ ಬರೋಣ. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿ ಹೇಳಿದರು. 2006ರಲ್ಲಿ ಆರೋಪಿಗಳ ಬಿಡುಗಡೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಶಿಕ್ಷೆಯಾದ ಕೇಸು ಮಾತ್ರ ಎಣಿಸುವವನ ಲೆಕ್ಕದಲ್ಲಿ ಆ ಏಳು ಜೀವ ಸೊನ್ನೆ.

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟಿನಲ್ಲಿ. ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ತೀರ್ಪಿನ ವರ್ಷ ಹಿಡಿದು ಎಣಿಸಿದರೆ ಆ ಬೆಂಕಿ ಹತ್ತು ವರ್ಷ ತಡವಾಗಿ ಹತ್ತಿಕೊಳ್ತದ!

ಅದಕ್ಕೇ ಕಡತ ಕೈಗೆ ಬಂದಾಗ ನಾವು ಕೇಳಬೇಕು. ಗುನ್ನೆ ಯಾವಾಗ ಆಯಿತು, ಎಫ್‌ಐಆರ್ ಯಾವಾಗ ಆಯಿತು? 1989ರ ದೌರ್ಜನ್ಯ ತಡೆ ಕಾಯ್ದೆ ಹಾಕಿದಾರೋ, ಬರೀ ಹೊಡೆದಾಟ ಅಂತ ಬರೆದಾರೋ? ಎದುರು ಕೇಸು ಬಿತ್ತೋ? ಪೊಲೀಸರು ಬಿ ರಿಪೋರ್ಟ್ ಹಾಕಿದರೋ? ಸಾಕ್ಷಿ ಕೊನೆತನಕ ನಿಂತನೋ?

ಊರ ಕಟ್ಟೆಯ ಮೇಲೆ ರಾಜಿಯಾಗಿ ಮುಗಿದದ್ದು ಯಾವ ಕಡತದಲ್ಲೂ ಇಲ್ಲ. ಅದನ್ನು ನಮ್ಮ ತಾಯಂದಿರ ಬಾಯಿಂದ ಕೇಳಿ ನಾವೇ ಬರೀಬೇಕು, ತಾರೀಖು ಸಮೇತ. ಈ ಕಾಯ್ದೆಯಡಿ ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕೆಂಬ ನಿಯಮ ಅದ. ಅದನ್ನು ಕೇಳಿ ಇಸಕೊಳ್ಳೋಣ, ಟ್ರಂಕಿನಲ್ಲಿ ಜೋಪಾನ ಇಡೋಣ. ರಜೆಗೆ ಊರಿಗೆ ಹೊರಟಾಗ ಒಂದು ನೋಟ್‌ಬುಕ್ಕು ಜೊತೆಗಿರಲಿ.