ಮರಳನ್ನು ತಡೆಯುವ ಹಸಿರು



ಗಿಡಮರಗಳು ನೆರಳನ್ನೂ ಹಣ್ಣನ್ನೂ ಕೊಡುವುವೆಂಬುದನ್ನು ನೀವೆಲ್ಲರೂ ಬಲ್ಲಿರಿ. ಅವು ನಮ್ಮ ಹೊಲಗಳನ್ನು ಕಾಯುವ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ಬಾಬಾಬುಡನ್ ಗಿರಿಗಳಲ್ಲಿ ಹುಟ್ಟಿದ ವೇದಾವತಿಯು ವಾಣಿವಿಲಾಸ ಸಾಗರವನ್ನು ದಾಟಿ, ನಮ್ಮ ರಾಯದುರ್ಗದ ಸೀಮೆಗೆ ಬಂದು, ಹಗರಿಯೆಂಬ ಹೆಸರಿನಿಂದ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ವರ್ಷದ ಬಹುಭಾಗ ಈ ಹೊಳೆಯ ಪಾತ್ರದಲ್ಲಿ ಕಾಣುವುದು ನೀರಲ್ಲ, ಮರಳು. ಪಶ್ಚಿಮ ಘಟ್ಟಗಳ ಮೇಲೆ ಮಳೆ ಸುರಿಸಿ ಬರುವ ನೈಋತ್ಯದ ಗಾಳಿಯು ನಮ್ಮಲ್ಲಿಗೆ ತಲಪುವಾಗ ಬಹುಮಟ್ಟಿಗೆ ಒಣಗಿರುತ್ತದೆ. ಆಷಾಢದ ಆ ಗಾಳಿಯು ಹೊಳೆಯ ಮರಳನ್ನೆತ್ತಿ ಕಣೇಕಲ್ಲು, ಬೊಮ್ಮನಹಾಳು ಕಡೆಯ ಹೊಲಗಳ ಮೇಲೆ ಸುರಿಯುತ್ತದೆ. ತಾತಂದಿರು ಉತ್ತು ಬಿತ್ತಿದ ಭೂಮಿಯು ಮೊಮ್ಮಕ್ಕಳಿಗೆ ಮರಳುದಿಬ್ಬವಾಗಿ ಉಳಿದರೆ ಆ ಮನೆಯವರ ಗತಿಯೇನು?

ಮಕ್ಕಳೇ, ಒಂದು ಪ್ರಯೋಗ ಮಾಡಿ ನೋಡಿರಿ. ತಟ್ಟೆಯಲ್ಲಿ ಒಣ ಮರಳನ್ನು ಹರಡಿ ಬೀಸಣಿಗೆಯಿಂದ ಬೀಸಿರಿ. ಕಣಗಳು ಕುಪ್ಪಳಿಸುತ್ತ ಓಡುವುವು. ಬಳಿಕ ಅದೇ ಮರಳಿನಲ್ಲಿ ಹುಲ್ಲುಕಡ್ಡಿಗಳನ್ನು ಒತ್ತಾಗಿ ನೆಟ್ಟು ಮತ್ತೆ ಬೀಸಿರಿ. ಈಗ ಹೆಚ್ಚಿನ ಕಣಗಳು ಕದಲುವುದಿಲ್ಲ. ಗಾಳಿಯ ಬಲವನ್ನು ಕಡ್ಡಿಗಳು ನೆಲದ ಬಳಿಯಲ್ಲಿಯೇ ಮುರಿದುವು. ಮರಳು ಆಕಾಶದಲ್ಲಿ ಹಾರಿ ಬರುವಂತೆ ತೋರಿದರೂ ಅದರ ಹೆಚ್ಚಿನ ಭಾಗ ಚಲಿಸುವುದು ನೆಲದಿಂದ ಒಂದು ಮೀಟರಿನೊಳಗೆ. ಆದುದರಿಂದ ಗರಿಕೆಯಂತಹ ಕುಳ್ಳ ಹುಲ್ಲೂ ದೊಡ್ಡ ಕಾವಲುಗಾರನೇ. ಅದರ ಬೇರುಗಳು ಮರಳನ್ನು ಹೆಣೆದು ಹಿಡಿಯುತ್ತವೆ. ಹೊಳೆಯ ದಡದಲ್ಲಿ ಲಾವಂಚವನ್ನು ನೆಟ್ಟರೆ ಅದರ ಬೇರು ಎರಡು ಮೂರು ಮೀಟರು ಆಳಕ್ಕಿಳಿದು ದಡ ಕುಸಿಯದಂತೆ ಕಾಯುತ್ತದೆ.

ಹುಲ್ಲಿನ ಹಿಂದೆ ಮರಗಳ ಸಾಲು ಬೇಕು. ಅದನ್ನು ಗಾಳಿಗೆ ಅಡ್ಡವಾಗಿ ನೆಡತಕ್ಕದ್ದು. ಹತ್ತು ಅಡಿ ಎತ್ತರದ ಸಾಲು ತನ್ನ ಹಿಂದೆ ಸುಮಾರು ನೂರು ಅಡಿಯವರೆಗಿನ ನೆಲದಲ್ಲಿ ಗಾಳಿಯ ರಭಸವನ್ನು ತಗ್ಗಿಸುತ್ತದೆ. ಆದರೆ ಅದು ಗೋಡೆಯಂತೆ ಇರಬಾರದು. ಗೋಡೆಗೆ ಬಡಿದ ಗಾಳಿಯು ಮೇಲೇರಿ, ಹಿಂದೆ ಸುಳಿಯಾಗಿ ಬೀಳುತ್ತದೆ. ಎಲೆಗಳ ಸಂದಿನಿಂದ ಸ್ವಲ್ಪ ಗಾಳಿ ನುಸುಳುವಂತಿದ್ದರೆ ಉಳಿದುದು ಸೌಮ್ಯವಾಗುವುದು.

ಯಾವ ಮರವನ್ನು ನೆಡಬೇಕೆಂಬ ವಿವೇಕವೂ ಅವಶ್ಯಕ. 1877ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಒಂದು ಜಾಲಿಯನ್ನು ಇಂದು ನಾವು ಬಳ್ಳಾರಿಜಾಲಿ ಎನ್ನುತ್ತೇವೆ. ಬರಡು ನೆಲವನ್ನು ಹಸಿರಾಗಿಸಿ ಸೌದೆ ಕೊಡಲೆಂದು ಬಂದ ಅದು ಸೌದೆಯನ್ನೇನೋ ಕೊಟ್ಟಿತು. ಆದರೆ ಕೆರೆಯಂಗಳಗಳಿಗೂ ಗೋಮಾಳಗಳಿಗೂ ನುಗ್ಗಿ ಇತರ ಗಿಡಗಳಿಗೆ ಎಡೆಯಿಲ್ಲದಂತೆ ಮಾಡಿತು. ಹೊಂಗೆ, ಬೇವುಗಳು ನಮ್ಮ ಹವೆಗೆ ಒಗ್ಗಿದ ಮರಗಳು. ಕಡಲೆಕಾಯಿ ಗಿಡವನ್ನು ಕಿತ್ತಾಗ ಬೇರಿನಲ್ಲಿ ಕಾಣುವ ಸಣ್ಣ ಗಂಟುಗಳನ್ನು ನೀವು ನೋಡಿರುವಿರಿ. ಹೊಂಗೆಯ ಬೇರಿನಲ್ಲಿಯೂ ಅಂತಹವೇ ಇವೆ. ಅವುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಆಹಾರವಾಗಿಸುತ್ತವೆ. ಉದುರಿದ ಎಲೆ ಕೊಳೆತು ಬಡ ಮರಳು ಮೆಲ್ಲಮೆಲ್ಲನೆ ಮಣ್ಣಿನ ಗುಣವನ್ನು ಪಡೆಯುತ್ತದೆ.

ಸಸಿ ನೆಡುವುದು ಒಂದು ದಿನದ ಉತ್ಸವ. ಅದನ್ನು ಉಳಿಸುವುದು ಎರಡು ಬೇಸಗೆಗಳ ವ್ರತ. ಬೇರು ತೇವವನ್ನು ಮುಟ್ಟುವವರೆಗೆ ನೀರೆರೆಯಬೇಕು, ಆಡುಕುರಿಗಳಿಂದ ಕಾಯಬೇಕು. ಆದುದರಿಂದ ನಮ್ಮ ಪ್ರಾರ್ಥನೆ ಇಷ್ಟೇ: ಪ್ರತಿ ತರಗತಿಯೂ ಹತ್ತು ಹೊಂಗೆಯ ಸಸಿಗಳ ಹೊಣೆಯನ್ನು ವಹಿಸಿಕೊಳ್ಳಲಿ. ರಜೆಯ ದಿನಗಳಲ್ಲಿ ಯಾರು ನೀರೆರೆಯಬೇಕೆಂಬುದನ್ನು ಮಕ್ಕಳೇ ಬರೆದಿಟ್ಟುಕೊಳ್ಳಲಿ. ಹಿರಿಯರು ಮುಳ್ಳಿನ ಬೇಲಿ ಕಟ್ಟಿಕೊಡಲಿ; ಅದಕ್ಕೆ ಬೇಕಾದ ಮುಳ್ಳನ್ನು ಬಳ್ಳಾರಿಜಾಲಿಯಿಂದಲೇ ಕಡಿದು ತರಬಹುದು.